ನಲವತ್ತೊಂದನೇ ಮನೆಯ ಸಾಲು

ಕಂತೆ ಎಂಬ ನಮ್ಮ ಪ್ರೋಗ್ರಾಮನ್ನು ಬಳಸುವ ದೂರದ ಊರಿನವರೊಬ್ಬರು ಹೋದ ತಿಂಗಳು ನನಗೆ ಕಾಗದ ಬರೆದಿದ್ದರು. ಈ ಸಾಧನ ಯಾವ ಹಳೆಯ ಪ್ರೋಗ್ರಾಮಿನಿಂದ ಬೆಳೆದು ಬಂತು, ನಾಲ್ಕು ಸಾಲಿನಲ್ಲಿ ತಿಳಿಸಿ, ನಮ್ಮ ಕೈಪಿಡಿಯಲ್ಲಿ ಹಾಕಿಕೊಳ್ಳುತ್ತೇವೆ ಎಂದು. ನಾಲ್ಕು ಸಾಲಂತೆ! ಮೊದಲು ತಾಳೆ ಇತ್ತು, ಆಮೇಲೆ ತೇಪೆ ಬಂತು, ಎರಡೂ ಸೇರಿ ಕಂತೆಯಾಯಿತು, ಈಗ ಅದನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು, ತಿದ್ದಬಹುದು. ಇಷ್ಟು ಬರೆದು ಅಂಚೆಗೆ ಹಾಕಿ ಬಂದೆ. ಬಂದ ಮೇಲೆ ಸಮಾಧಾನವಾಗಲಿಲ್ಲ. ನಾನು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದರಲ್ಲಿ ಗಂಗಮ್ಮನವರು ಇರಲಿಲ್ಲ, ನನ್ನ ಅಕ್ಕ ಇರಲಿಲ್ಲ, ಕಾಳಿಂಗಯ್ಯನವರ ಬೀರುವಿನ ಬೀಗವೂ ಇರಲಿಲ್ಲ. ಅದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಕೈಪಿಡಿಯವರು ಓದದಿದ್ದರೆ ಬೇಡ.

ನಮ್ಮ ಊರಿನಲ್ಲಿ ಪ್ರತಿ ಬೆಳಿಗ್ಗೆ ಏನಾದರೊಂದು ಬದಲಾಗಿರುತ್ತದೆ. ಒಂದೇ ಒಂದು, ಅದೂ ಸ್ವಲ್ಪ. ಔಷಧಿ ಅಂಗಡಿಯ ಆರು ಮೆಟ್ಟಿಲು ಏಳಾಗಿರುತ್ತವೆ. ಬಸ್ ನಿಲ್ದಾಣದ ಹುಣಸೆಮರ ಎರಡಡಿ ಪೂರ್ವಕ್ಕೆ ಸರಿದಿರುತ್ತದೆ. ಒಂದು ದಿನ ಅಂಚೆಯವರು ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸಲು ಶುರುಮಾಡಿದ್ದರು. ಯಾರದ್ದು ಬದಲಾಗುತ್ತದೋ ಅವರಿಗೆ ಮಾತ್ರ ಅದು ತಿಳಿಯುವುದಿಲ್ಲ. ಔಷಧಿ ಅಂಗಡಿಯವರನ್ನು ಕೇಳಿ ನೋಡಿ, ನಮ್ಮಪ್ಪನ ಕಾಲದಿಂದ ಏಳೇ ಮೆಟ್ಟಿಲು ಎಂದು ಆಣೆ ಇಟ್ಟು ಹೇಳುತ್ತಾರೆ. ಬೇರೆ ಊರುಗಳಲ್ಲಿ ಎದುರಾದವರನ್ನು ಊಟ ಆಯ್ತಾ ಎಂದು ಕೇಳುವಂತೆ ನಮ್ಮಲ್ಲಿ "ಇವತ್ತಿಂದು ಸಿಕ್ತಾ?" ಎಂದು ಕೇಳುತ್ತಾರೆ. ಕೆಲಸಕ್ಕೆ ತಡವಾಗಿ ಬಂದವರೆಲ್ಲ ಇವತ್ತಿನದು ತಮ್ಮ ಗಡಿಯಾರಕ್ಕೇ ಬಂದಿತ್ತು ಎನ್ನುತ್ತಾರೆ. ದಿನಕ್ಕೆ ಒಂದೇ ಆದ್ದರಿಂದ ಒಬ್ಬರ ನೆಪ ನಿಜವಿರಬಹುದು, ಉಳಿದವರದು ಬರೀ ಸೋಮಾರಿತನ.

ಮನುಷ್ಯರು ತಾವಾಗಿ ಮಾಡುವ ಬದಲಾವಣೆಗೆ ಬೇರೆ ಏರ್ಪಾಡಿದೆ. ಗೋಡೆಗೆ ಬಣ್ಣ ಹೊಡೆಸುವವರು, ಮೀಸೆ ಬೋಳಿಸುವವರು ಹಿಂದಿನ ಸಂಜೆಯೇ ಬೀದಿಯ ಬರೆಯುವವರ ಹತ್ತಿರ ಹೋಗಿ ಸಂಜೆ ಪುಸ್ತಕದಲ್ಲಿ ಬರೆಸಬೇಕು. ಹಾಗೆ ಬರೆಸಿದ್ದು ಚೀಟಿಯಲ್ಲಿ ಬರುವುದಿಲ್ಲ. ಬೀದಿಗೊಬ್ಬರು ಬರೆಯುವವರಿದ್ದಾರೆ. ಅವರು ಬೆಳಕು ಹರಿಯುತ್ತಲೇ ತಮ್ಮ ಬೀದಿಯನ್ನು ಒಂದು ಸುತ್ತು ಹೊಡೆದು ಮನೆಗೊಂದು ಸಾಲು, ಆಳಿಗೊಂದು ಸಾಲು, ಮರಕ್ಕೊಂದು ಸಾಲು ಬರೆದು ತಾಳೆ ಕಚೇರಿಗೆ ಕಳಿಸುತ್ತಾರೆ. ಮೊದಲು ಸೈಕಲ್ಲಿನ ಮೇಲೆ ಹೋಗುತ್ತಿತ್ತು, ಈಗ ತಂತಿಯ ಮೇಲೆ ಹೋಗುತ್ತದೆ. ಕಚೇರಿಯಲ್ಲಿ ನಿನ್ನೆಯ ರಿಜಿಸ್ಟರಿಗೂ ಇವತ್ತಿನದಕ್ಕೂ ತಾಳೆ ನೋಡಿ, ಸಿಕ್ಕ ಬದಲಾವಣೆಯನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ಬೀದಿಬೀದಿಗೆ ಹಂಚುತ್ತಾರೆ. ಹಿಂದೆ ಈ ಕೆಲಸಕ್ಕೆ ಇಬ್ಬರು ಗುಮಾಸ್ತರಿದ್ದರು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೂಂ ಎನ್ನುವುದು. ಚೀಟಿ ಬರುವಷ್ಟರಲ್ಲಿ ಮಧ್ಯಾಹ್ನ. ಅಷ್ಟು ಹೊತ್ತಿಗೆ ಎಡವುವವರೆಲ್ಲ ಎಡವಿ ಮನೆಗೆ ಹೋಗಿರುತ್ತಿದ್ದರು.

ಆ ಇಬ್ಬರಲ್ಲಿ ಹೂಂ ಎನ್ನುತ್ತಿದ್ದವರು ಕಾಳಿಂಗಯ್ಯ. ಕಚೇರಿಗೆ ಮೊದಲ ಯಂತ್ರ ಬಂದಾಗ ಉಳಿದವರು ಅದಕ್ಕೆ ಕುಂಕುಮ ಹಚ್ಚಿ ದೂರ ನಿಂತರೆ ಇವರು ಪುಸ್ತಕ ತರಿಸಿಕೊಂಡು ಓದಿ ಒಂದು ಪ್ರೋಗ್ರಾಂ ಬರೆದರು. ಎರಡು ರಿಜಿಸ್ಟರುಗಳ ಒಂದನೇ ಸಾಲಿಗೆ ಒಂದನೇ ಸಾಲು, ಎರಡನೆಯದಕ್ಕೆ ಎರಡನೆಯದು ಇಟ್ಟು ನೋಡಿ, ಬೇರೆಯಾಗಿದ್ದರೆ ಅಚ್ಚು ಹಾಕುವುದು. ಅದಕ್ಕೆ ತಾಳೆ ಎಂದೇ ಹೆಸರಿಟ್ಟರು. ಹತ್ತು ದಿನ ಚೆನ್ನಾಗಿ ನಡೆಯಿತು. ಹನ್ನೊಂದನೇ ದಿನ ಮೊದಲ ಬೀದಿಯ ಮೊದಲ ಮನೆಯಲ್ಲಿ ಬೆಳಗಿನ ಜಾವಕ್ಕೆ ಹೆರಿಗೆಯಾಗಿ, ಮಗುವಿನದೊಂದು ಹೊಸ ಸಾಲು ರಿಜಿಸ್ಟರಿನ ತಲೆಯಲ್ಲೇ ಸೇರಿಕೊಂಡಿತು. ಕೆಳಗಿನ ಸಾಲುಗಳೆಲ್ಲ ಒಂದೊಂದು ಹೆಜ್ಜೆ ಇಳಿದವು. ತಾಳೆ ಇಡೀ ಊರೇ ಬದಲಾಗಿದೆ ಎಂದು ಹನ್ನೊಂದು ಹಾಳೆ ಅಚ್ಚು ಹಾಕಿತು. ಕಚೇರಿಯವರು ಅದನ್ನು ಹಾಗೇ ಹಂಚಿಯೂ ಬಿಟ್ಟರು. ನಮ್ಮ ಜನ ಚೀಟಿಯನ್ನು ನಂಬುವವರು. ಅವತ್ತು ಊರಿಗೆ ಊರೇ ಟೇಪು ಹಿಡಿದು ಸ್ವಂತ ಮನೆ ಅಳೆಯಿತು. ಒಬ್ಬರು ಹೆಂಡತಿಯನ್ನು ನಿಲ್ಲಿಸಿ ಅಳೆದರಂತೆ, ಆಮೇಲೆ ಎರಡು ದಿನ ಅವರ ಮನೆಯಲ್ಲಿ ಒಲೆ ಹತ್ತಲಿಲ್ಲ.

ಕಾಳಿಂಗಯ್ಯ ಒಂದು ವಾರ ತಲೆ ಎತ್ತಲಿಲ್ಲ. ದಾರಿ ಸಿಕ್ಕಿದ್ದು ಅವರ ಮನೆಯ ನಡುಮನೆಯಲ್ಲೇ. ಅವರ ಹೆಂಡತಿ ಗಂಗಮ್ಮ ಒಗೆದು ಬಂದ ಬಟ್ಟೆಯ ಗಂಟು ಬಿಚ್ಚಿ ಪಟ್ಟಿಯೊಂದಿಗೆ ನೋಡುತ್ತಿದ್ದರು. ಯಾವುದು ಕಾಣೆಯಾಗಿದೆ ಎಂದು ಆಕೆ ಹುಡುಕಲಿಲ್ಲ. ಬಂದದ್ದನ್ನು ಬಂದ ಹಾಗೆ ಎತ್ತಿ ಪಕ್ಕಕ್ಕಿಡುತ್ತ ಹೋದರು. ಕೊನೆಗೆ ಪಟ್ಟಿಯಲ್ಲಿ ಒಂದು ಟವೆಲು ಮಿಕ್ಕಿತು. ಬದಲಾದದ್ದನ್ನು ಹುಡುಕಬಾರದು, ಹಾಗೇ ಉಳಿದದ್ದನ್ನು ಹುಡುಕಬೇಕು, ಮಿಕ್ಕಿದ್ದೇ ಬದಲಾದದ್ದು. ಕಾಳಿಂಗಯ್ಯ ಪ್ರೋಗ್ರಾಮನ್ನು ಹಾಗೆ ತಿರುಗಿಸಿ ಬರೆದರು. ಇವತ್ತಿಗೂ ಕಂತೆಯ ಹೊಟ್ಟೆಯಲ್ಲಿ ಓಡುವುದು ಆ ಟವೆಲಿನ ಲೆಕ್ಕಾಚಾರವೇ. ಚೀಟಿ ಬೆಳಿಗ್ಗೆ ಆರೂಮುಕ್ಕಾಲಿಗೆ ಬರತೊಡಗಿತು. ಅಪರೂಪಕ್ಕೆ ಒಂದೊಂದು ದಿನ "ಇಂದು ಏನೂ ಬದಲಾಗಿಲ್ಲ" ಎಂದು ಬರುತ್ತಿತ್ತು. ಅದಕ್ಕೆ ಖಾಲಿ ದಿನ ಎಂದು ಹೆಸರಾಯಿತು. ಶಾಲೆಗೆ ಅರ್ಧ ದಿನ ರಜೆ, ಮನೆಗಳಲ್ಲಿ ಸಜ್ಜಿಗೆ.

ಆರೂಮುಕ್ಕಾಲಿನ ಚೀಟಿಯಿಂದ ಯಾರಿಗೆ ಏನಾಯಿತೋ, ನನ್ನ ಅಕ್ಕ ಸುಭದ್ರೆಗೆ ಕಾಲು ಬಂತು. ಅಕ್ಕನಿಗೆ ಹುಟ್ಟಿನಿಂದ ಕಣ್ಣಿಲ್ಲ. ಕಿವಿ ಮಾತ್ರ ಹೇಗಿದೆ ಎಂದರೆ, ಪೇಟೆಯ ಹಾರ್ಮೋನಿಯಂ ಅಂಗಡಿಯಲ್ಲಿ ಶ್ರುತಿ ಕೂಡಿಸುವ ಕೆಲಸ ಆಕೆಯದು. ಸ್ವರದ ಪಟ್ಟಿಗಳನ್ನು ಕೆರೆದು ಕೆರೆದು ಸರಿಮಾಡಲು ನಿಶ್ಶಬ್ದ ಬೇಕು. ಪೇಟೆ ತೆರೆಯುವುದು ಹತ್ತಕ್ಕೆ. ಎಂಟಕ್ಕೆ ಹೋಗಿ ಕೂತರೆ ಎರಡು ಗಂಟೆ ಕೆಲಸ, ಆಮೇಲೆ ಬರೀ ಗದ್ದಲ. ಮನೆಯಿಂದ ಅಂಗಡಿಗೆ ಆರುನೂರ ಹನ್ನೆರಡು ಹೆಜ್ಜೆ, ಒಂಬತ್ತು ತಿರುವು. ನಾನು ಚೀಟಿ ಓದಿ ಹೇಳಿದರೆ, ಅದನ್ನು ತನ್ನ ಎಣಿಕೆಯಲ್ಲಿ ಸೇರಿಸಿಕೊಂಡು ಕೋಲು ಹಿಡಿದು ಒಬ್ಬಳೇ ಹೊರಡುತ್ತಿದ್ದಳು. ಇಪ್ಪತ್ತೆರಡು ವರ್ಷ ಹಾಗೆ ನಡೆದಳು.

ನಾನು ವನಜ. ತಾಳೆ ಕಚೇರಿಗೆ ಕೆಲಸಕ್ಕೆ ಸೇರಿದ್ದು ಅಕ್ಕನ ಚೀಟಿಯ ಮೋಹದಿಂದಲೇ ಇರಬೇಕು. ನಾನು ಹೋದಾಗ ಚೀಟಿ ಬೇಗ ಬರುತ್ತಿತ್ತು, ಆದರೆ ಗುಮಾಸ್ತರು ಮಾರನೇ ದಿನಕ್ಕಾಗಿ ಇಡೀ ರಿಜಿಸ್ಟರನ್ನು ಮತ್ತೆ ನಕಲು ಮಾಡಿ ಇಡುತ್ತಿದ್ದರು. ಒಂದು ಸಾಲು ಬದಲಾದದ್ದಕ್ಕೆ ಸಾವಿರಾರು ಸಾಲು ಬರೆಯುವುದು ನೋಡಿ ನನಗೆ ಮೈ ಉರಿಯಿತು. ನಿನ್ನೆಯ ರಿಜಿಸ್ಟರಿಗೆ ಇವತ್ತಿನ ಚೀಟಿಯನ್ನು ಹೊಲಿದರೆ ಇವತ್ತಿನ ರಿಜಿಸ್ಟರು ತಾನೇ ಆಗಬೇಕಲ್ಲ? ಅದಕ್ಕೊಂದು ಪ್ರೋಗ್ರಾಂ ಬರೆದು ತೇಪೆ ಎಂದು ಕರೆದೆ. ಕಾಳಿಂಗಯ್ಯ ನೋಡಿ, "ಪರವಾಗಿಲ್ಲ ಕಣಮ್ಮ, ಹೊಲಿಗೆ ಕಾಣಲ್ಲ," ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಬಹಳ.

ಊರಿನಲ್ಲಿ ಪ್ರೋಗ್ರಾಂ ಬರೆಯುವವರು ಇನ್ನೂ ಐದು ಜನರಿದ್ದರು. ಗಿರಣಿಯಲ್ಲಿ ಹನೀಫ್, ಉಳಿದವರು ಆಸ್ಪತ್ರೆ, ಬ್ಯಾಂಕು, ನೀರಿನ ಕಚೇರಿ ಎಂದು ಅಲ್ಲಿ ಇಲ್ಲಿ. ಬೆಳಗಿನ ಬದಲಾವಣೆ ಕೆಲವೊಮ್ಮೆ ಅವರ ಪ್ರೋಗ್ರಾಮಿನ ಒಂದು ಸಾಲಿಗೇ ಬಂದು ಕೂರುತ್ತಿತ್ತು. ಬರೆದವರನ್ನು ಕೇಳಿದರೆ ನಾನು ಬರೆದದ್ದೇ ಹೀಗೆ ಎನ್ನುತ್ತಿದ್ದರು. ತಮ್ಮದನ್ನು ತಾವೇ ನೋಡಿಕೊಂಡರೆ ಪ್ರಯೋಜನವಿಲ್ಲ, ಇನ್ನೊಬ್ಬರ ಕಣ್ಣು ಬೇಕು ಎಂಬುದು ನಮ್ಮ ಊರಿನ ಪ್ರೋಗ್ರಾಂ ಬರೆಯುವವರಿಗೆ ಹೀಗೆ ಬಡಿದು ಕಲಿಸಿದ ಪಾಠ. ಅವರೆಲ್ಲ ತಾಳೆ, ತೇಪೆ ಎರಡನ್ನೂ ಕೇಳಿ ಪಡೆದರು. ತೇಪೆಯ ಮೂಲ ಬರಹವನ್ನೇ, ಓದಿ ತಿದ್ದಲು ಬರುವ ಹಾಗೆ, ನಾನು ಕೊಟ್ಟೆ. ಕಾಳಿಂಗಯ್ಯ ಓಡುವ ತಾಳೆಯನ್ನಷ್ಟೇ ಕೊಟ್ಟರು. ಅದರ ಮೂಲ ಬರಹ ಅವರ ಮನೆಯ ಕಬ್ಬಿಣದ ಬೀರುವಿನಲ್ಲಿತ್ತು. "ಏನ್ ಸಾರ್, ಗಂಗಮ್ಮನೋರ ಸರ ಇಟ್ಟಂಗೆ ಇಟ್ಟಿದ್ದೀರಲ್ಲ," ಎಂದು ನಾನು ರೇಗಿಸಿದರೆ, "ಓಡ್ತಾ ಇದೆಯಲ್ಲ, ಒಳಗೆ ಯಾಕೆ ನೋಡ್ಬೇಕು?" ಎನ್ನುತ್ತಿದ್ದರು. ನಿವೃತ್ತರಾಗುವಾಗಲೂ ಬೀಗದ ಕೈ ಕೊಡಲಿಲ್ಲ.

ಮೂರು ವರ್ಷದ ಹಿಂದೆ ಕಚೇರಿಯ ಹಳೆಯ ಯಂತ್ರ ಸುಟ್ಟುಹೋಯಿತು. ಅದರ ಬಿಡಿಭಾಗ ಎಲ್ಲೂ ಸಿಗಲಿಲ್ಲ, ಅಂಥ ಯಂತ್ರವೂ ಊರಿನಲ್ಲಿ ಬೇರೆಲ್ಲೂ ಉಳಿದಿರಲಿಲ್ಲ. ಹೊಸ ಯಂತ್ರಕ್ಕೆ ಹಳೆಯ ತಾಳೆ ಅರ್ಥವಾಗುವುದಿಲ್ಲ. ಮೂಲ ಬರಹ ಇದ್ದಿದ್ದರೆ ಒಂದು ಮಧ್ಯಾಹ್ನದಲ್ಲಿ ಹೊಸದಕ್ಕೆ ಒಗ್ಗಿಸಬಹುದಿತ್ತು. ಹೋಗಿ ಕೇಳಿದೆ. ಕಾಳಿಂಗಯ್ಯ ಜಗಲಿಯ ಮೇಲೆ ಕೂತು ಪತ್ರಿಕೆಯನ್ನು ಎಂಟು ಮಡಿಕೆ ಮಾಡಿ, "ಅದು ಸರಿಯಿಲ್ಲ ಬಿಡಮ್ಮ, ಹಳೇದು, ನೀವೇ ಹೊಸದಾಗಿ ಬರ್ಕೊಳ್ಳಿ," ಎಂದರು. ನನ್ನ ಮುಖ ನೋಡಲಿಲ್ಲ. ಕಚೇರಿಯಲ್ಲಿ ಮತ್ತೆ ಇಬ್ಬರು ಬೆರಳಿಟ್ಟು ಹೂಂ ಎನ್ನಲು ಕೂತರು. ಚೀಟಿ ಮತ್ತೆ ಮಧ್ಯಾಹ್ನಕ್ಕೆ ಹೋಯಿತು.

ಅಕ್ಕ ಎಂಟು ದಿನ ಚೀಟಿಯಿಲ್ಲದೆಯೇ ಹೋಗಿಬಂದಳು. ಒಂಬತ್ತನೇ ದಿನ ಚರಂಡಿಯ ಚಪ್ಪಡಿಯೊಂದು ಅರ್ಧ ಅಡಿ ಸರಿದಿತ್ತು. ಕಾಲು ಉಳುಕಿ, ಮೊಣಕೈ ತರಚಿ, ಯಾರೋ ಮನೆಗೆ ತಂದು ಬಿಟ್ಟರು. ವಾಸಿಯಾದ ಮೇಲೆ ನಾನು ಕೈ ಹಿಡಿದು ಕರೆದುಕೊಂಡು ಹೋಗತೊಡಗಿದೆ. ಆದರೆ ಬೆಳಿಗ್ಗೆ ನನಗೆ ಕಚೇರಿ. ಬಿಡುವಾಗುವಷ್ಟರಲ್ಲಿ ಹನ್ನೊಂದು. ಆ ಗದ್ದಲದಲ್ಲಿ ಅಕ್ಕ ಕೂಡಿಸಿದ ಎರಡು ಹಾರ್ಮೋನಿಯಂ ಶ್ರುತಿ ಸರಿಯಿಲ್ಲವೆಂದು ಹಿಂದಕ್ಕೆ ಬಂದವು. ಇಪ್ಪತ್ತೆರಡು ವರ್ಷದಲ್ಲಿ ಹಾಗಾಗಿರಲಿಲ್ಲ. ಯುಗಾದಿವರೆಗೆ ನೋಡುತ್ತೇವೆ, ಆಮೇಲೆ ಬೇರೆಯವರನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ ಎಂದು ಅಂಗಡಿಯವರು ಮೆತ್ತಗೆ ಹೇಳಿದರು.

"ನಿನ್ನ ಕೈ ಬಿಡೇ ವನಜಾ," ಎಂದಳು ಅಕ್ಕ ಒಂದು ದಿನ ನಡುದಾರಿಯಲ್ಲಿ. "ನಿನ್ನ ಕೈ ಹಿಡ್ಕೊಂಡ್ರೆ ನಂಗೆ ಹೆಜ್ಜೆ ಲೆಕ್ಕ ತಪ್ಪೋಗತ್ತೆ. ಇನ್ನೊಂದು ತಿಂಗಳು ಹಿಂಗೇ ಹೋದ್ರೆ ನಾನು ದಾರೀನೇ ಮರೀತೀನಿ."

ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟನ್ನು ಕೆಲಸಕ್ಕೆ ಹಾಕಿದೆ. ಹನೀಫನನ್ನೂ ಉಳಿದ ನಾಲ್ವರನ್ನೂ ಕೂಡಿಸಿ, ಕಾಳಿಂಗಯ್ಯನವರ ಬರಹದ ಒಂದಕ್ಷರವನ್ನೂ ನೋಡದೆ, ಟವೆಲಿನ ಉಪಾಯವೊಂದನ್ನೇ ಹಿಡಿದು ತಾಳೆಯನ್ನು ಮೊದಲಿನಿಂದ ಬರೆಯಲು ಶುರುಮಾಡಿದೆವು. ಈ ಸಲ ಯಾರ ಬೀರುವಿನಲ್ಲೂ ಇಡಬಾರದು, ಯಾರು ಕೇಳಿದರೂ ಮೂಲವನ್ನೇ ಕೊಡಬೇಕು ಎಂದು ಮೊದಲೇ ಮಾತಾಡಿಕೊಂಡೆವು. ಆರು ಜನ ಆರು ಕಡೆ ಕೂತು ಬರೆದರೆ ಏನಾಗಬೇಕೋ ಅದೇ ಆಯಿತು. ನಾನು ಸರಿಮಾಡಿದ್ದನ್ನು ಹನೀಫ್ ಅಳಿಸುವುದು, ಅವನು ಸೇರಿಸಿದ್ದು ಬ್ಯಾಂಕಿನವರಿಗೆ ತಿಳಿಯದೇ ಇರುವುದು. ಜಗಳವಾಡಿ ಸಾಕಾಗಿ ಒಂದು ಕಟ್ಟಳೆ ಮಾಡಿಕೊಂಡೆವು. ಪ್ರತಿಯೊಬ್ಬರೂ ತಮ್ಮ ಬದಲಾವಣೆಯನ್ನು ಮಾತ್ರ ತೇಪೆಯಾಗಿ ಕಳಿಸಬೇಕು, ಯಾರು, ಯಾವಾಗ, ಯಾಕೆ ಎಂದು ಜೊತೆಗೆ ಬರೆಯಬೇಕು. ಬಂದ ತೇಪೆಗಳನ್ನೆಲ್ಲ ಒಂದರ ಮೇಲೊಂದು ಕಟ್ಟಿಡುವ, ಬೇಕಾದಾಗ ಯಾವ ದಿನಕ್ಕಾದರೂ ಹಿಂದೆ ಹೋಗುವ ಪ್ರೋಗ್ರಾಮನ್ನು ಹನೀಫ್ ಒಂದು ವಾರದಲ್ಲಿ ಬರೆದ. ಅದೇ ಕಂತೆ. ದೂರದ ಊರಿನವರು ಇವತ್ತು ಹೊಗಳುವುದು ಇದನ್ನೇ. ನಮಗೆ ಅದು ಜಗಳ ನಿಲ್ಲಿಸಲು ಮಾಡಿಕೊಂಡ ಏರ್ಪಾಡಾಗಿತ್ತು.

ಮಾಘ ಮುಗಿಯುವಷ್ಟರಲ್ಲಿ ಹೊಸ ತಾಳೆ ಸಿದ್ಧವಾಯಿತು. ಕಚೇರಿಯ ಮುಖ್ಯಸ್ಥೆ ಸತ್ಯವತಿ ಮೇಡಂ ಕಟ್ಟುನಿಟ್ಟಿನವರು. ಬೀದಿಗಳಿಂದ ಬಂದ ಹಳೆಯ ಸಾಲುಗಳೆಲ್ಲ ಇವೆ, ಹಳೆಯ ಚೀಟಿಗಳೂ ಇವೆ, ಇಪ್ಪತ್ತೆರಡು ವರ್ಷದ ಪ್ರತಿ ದಿನವನ್ನೂ ಹೊಸದರಲ್ಲಿ ಓಡಿಸಿ, ಹಳೆಯ ಚೀಟಿಗೂ ಹೊಸದಕ್ಕೂ ಒಂದಕ್ಷರ ಹೆಚ್ಚುಕಮ್ಮಿಯಾದರೂ ನಾನು ಸಹಿ ಹಾಕುವುದಿಲ್ಲ ಎಂದರು. ಓಡಿಸಿದೆವು. ಎಂಟು ಸಾವಿರ ಚಿಲ್ಲರೆ ದಿನಗಳಲ್ಲಿ ಮೂವತ್ತೊಂದು ದಿನ ಹೊಂದಲಿಲ್ಲ. ಆ ಮೂವತ್ತೊಂದೂ ಖಾಲಿ ದಿನಗಳು. ಹಳೆಯ ಚೀಟಿ ಏನೂ ಬದಲಾಗಿಲ್ಲ ಎನ್ನುತ್ತಿತ್ತು, ನಮ್ಮದು ಒಂದು ಸಾಲು ತೋರಿಸುತ್ತಿತ್ತು. ನಮ್ಮದೇ ತಪ್ಪಿರಬೇಕು ಎಂದು ಎರಡು ದಿನ ಹುಡುಕಿದೆವು. ಆಮೇಲೆ ಹನೀಫ್ ಆ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿ ನನ್ನನ್ನು ಕರೆದ. ಮೂವತ್ತೊಂದೂ ಮೇಲಿನ ಬೀದಿಯ ನಲವತ್ತೊಂದನೇ ಮನೆಯವು. ಅದು ಕಾಳಿಂಗಯ್ಯನವರ ಮನೆ. ಆ ಬೀದಿಯ ಬರೆಯುವವರು ಗಂಗಮ್ಮ.

"ಮೇಡಂಗೆ ಏನು ಹೇಳ್ತೀಯ?" ಎಂದ ಹನೀಫ್. "ನಮ್ಮದ್ರಲ್ಲೂ ಆ ಮನೇನ ಬಿಟ್ಬಿಡು ಅಂತ ಒಂದು ಸಾಲು ಸೇರಿಸಿದ್ರೆ ಎಲ್ಲಾ ಹೊಂದತ್ತೆ. ಇವತ್ತೇ ಸಹಿ ಬೀಳತ್ತೆ. ಯುಗಾದಿಗೆ ಹದಿಮೂರು ದಿನ ಇದೆ ನೋಡು."

ಹದಿಮೂರು ದಿನ ಎಂದು ಅವನು ಹೇಳಬೇಕಾಗಿರಲಿಲ್ಲ, ನಾನು ದಿನಾ ಎಣಿಸುತ್ತಿದ್ದೆ. ಆ ಸಾಲು ಬರೆಯಲು ನನ್ನ ಕೈ ತುರಿಸಿದ್ದು ನಿಜ. ಬರೆದೂ ನೋಡಿದೆ. ಕಂತೆ ಎಂದಿನಂತೆ ಯಾಕೆ ಎಂದು ಕೇಳಿತು. ಆ ಜಾಗದಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ. ಅಳಿಸಿದೆ. ಮೂವತ್ತೊಂದು ಸಾಲುಗಳನ್ನು ಅಚ್ಚು ಹಾಕಿಕೊಂಡು ಒಬ್ಬಳೇ ಮೇಲಿನ ಬೀದಿಗೆ ಹೋದೆ.

ಮಧ್ಯಾಹ್ನ ಮೂರು ಗಂಟೆ. ಕಾಳಿಂಗಯ್ಯ ಜಗಲಿಯ ಮೇಲೇ ಇದ್ದರು. ಒಳಗೆ ಗಂಗಮ್ಮನವರು ಪಾತ್ರೆ ಇಡುವ ಸದ್ದು ಕೇಳುತ್ತಿತ್ತು. ನಾನು ವಿಷಯ ಹೇಳಿದೆ. ಅವರು ಕೈಯ ಪತ್ರಿಕೆಯನ್ನು ಮತ್ತೆ ಮಡಿಸತೊಡಗಿದರು.

"ಮೊದಲ್ನೇ ಸಲ ಬಂದಿದ್ದು ಅಚ್ಚಾಗಿ ಹಂಚೇ ಹೋಗಿತ್ತು," ಎಂದರು. "ನೀನಿನ್ನೂ ಕೆಲಸಕ್ಕೆ ಬಂದಿರ್ಲಿಲ್ಲ. ನಲವತ್ತೊಂದನೇ ಮನೆ, ಯಜಮಾನರು ನಿನ್ನೆವರೆಗೆ ಹೆಂಡತೀನ ಗಂಗೂ ಅಂತಿದ್ರು, ಇವತ್ತು ಹೆಸರು ಹಿಡಿದು ಕರೀಲಿಲ್ಲ ಅಂತ. ಇಡೀ ಪೇಟೆ ಅದನ್ನ ಓದ್ತು. ತರಕಾರಿಯವನು ಸುದ್ದಾ ಕೇಳ್ದ, ಏನ್ ಸಾರ್, ಗಂಗೂ ಎಲ್ಲಿ ಅಂತ. ಅವತ್ತು ಸಾಯಂಕಾಲನೇ ಒಂದು ಸಾಲು ಹಾಕ್ದೆ. ನಲವತ್ತೊಂದು ಬಂದ್ರೆ ಬಿಡು ಅಂತ."

"ಆಮೇಲೆ ಆಕೆ ಬರೆದಿದ್ದನ್ನ ನೀವು ಓದ್ಲಿಲ್ವಾ ಸಾರ್?"

"ಚೀಟೀಲಿ ಬಂದ್ರೆ ತಾನೆ ಓದೋದು." ಅವರು ನನ್ನ ಕಡೆ ಬಗ್ಗಿದರು. "ನೋಡಮ್ಮ, ಹೊಸದ್ರಲ್ಲೂ ಆ ಸಾಲು ಹಾಕ್ಕೊಂಬಿಡಿ. ಒಂದೇ ಸಾಲು. ನಾಳೆಯಿಂದ್ಲೇ ನಿಮ್ಮಕ್ಕ ಓಡಾಡ್ಬೌದು. ನಾನು ಈ ವಯಸ್ಸಲ್ಲಿ ಇನ್ನೊಂದ್ಸಲ ಪೇಟೆ ಬಾಯಿಗೆ ಬೀಳಲಾರೆ."

"ಹಾಕ್ಬೌದು ಸಾರ್. ಆದ್ರೆ ಹೊಸದ್ರಲ್ಲಿ ಯಾವುದೂ ಮುಚ್ಚಿರಲ್ಲ. ಯಾರು ಹಾಕಿದ್ರು, ಯಾಕೆ ಹಾಕಿದ್ರು, ಓದೋರಿಗೆಲ್ಲ ಕಾಣತ್ತೆ. ನೀವು ಮೊದ್ಲು ಇದನ್ನ ಓದಿ. ಆಮೇಲೂ ಹಾಕು ಅಂದ್ರೆ ನಾನೇ ಹಾಕ್ತೀನಿ, ನನ್ನ ಹೆಸರಲ್ಲೇ." ಅಕ್ಕನಿಗಾಗಿ ನಾನು ಅದಕ್ಕೂ ತಯಾರಾಗಿದ್ದೆ. ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

ಅವರು ಕನ್ನಡಕ ಹಾಕಿಕೊಂಡು ಹಾಳೆ ತೆಗೆದುಕೊಂಡರು. ಮೊದಲ ಸಾಲು ಓದುತ್ತಲೇ, "ಇದು ಸುಳ್ಳು," ಎಂದರು. "ಊಟಕ್ಕೆ ಎದುರಿಗೆ ಕೂರ್ತಿದ್ರು, ಇವತ್ತು ಗೋಡೆಗೆ ಮುಖ ಮಾಡಿ ಕೂತ್ರು ಅಂತ ಬರೆದಿದ್ದಾಳೆ. ನಾನು ಮದ್ವೆಯಾದಾಗಿಂದ್ಲೂ ಗೋಡೆ ಕಡೆನೇ ಮುಖ ಮಾಡಿ ಊಟ ಮಾಡೋದು. ಯಾವತ್ತೂ..."

ಮಾತು ಅಲ್ಲಿಗೇ ನಿಂತಿತು. ಊರಿನ ಅಷ್ಟೂ ಜನ ಚೀಟಿ ಹಿಡಿದುಕೊಂಡು ಬಂದು ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದನ್ನು ಮೂವತ್ತು ವರ್ಷ ಕಚೇರಿಯ ಕಿಟಕಿಯ ಹಿಂದೆ ಕೂತು ಕೇಳಿದವರು ಅವರು. ಆಮೇಲೆ ಓದುತ್ತ ಹೋದರು. ತಿರುವಿನಲ್ಲಿ ನನಗಾಗಿ ನಿಲ್ಲುತ್ತಿದ್ದರು, ಇಂದು ನಿಲ್ಲಲಿಲ್ಲ. ನಾನು ಹಾಡಿಕೊಂಡರೆ ಬೆರಳಲ್ಲಿ ತಾಳ ಹಾಕುತ್ತಿದ್ದರು, ಇಂದು ಬೆರಳು ಸುಮ್ಮನಿತ್ತು. ಗೊರಕೆ ಬಲಮಗ್ಗುಲಿನಿಂದ ಎಡಕ್ಕೆ ಬಂದಿದೆ. ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದರು, ಇಂದು ಬಾಗಿಲಲ್ಲೇ ನಿಂತು ಕೇಳಿದರು. ಎಲ್ಲೂ ದೂರಿನ ಮಾತಿಲ್ಲ. ಹುಣಸೆಮರ ಸರಿದದ್ದನ್ನು ಬರೆದ ಹಾಗೆಯೇ ಬರೆದಿದ್ದರು.

ಗಂಗಮ್ಮ ಮೂರು ಲೋಟ ಕಾಫಿ ತಂದರು. ಗಂಡನ ಕೈಯ ಹಾಳೆ ಕಂಡು ಅದೇನೆಂದು ಅವರಿಗೆ ತಿಳಿಯಿತು. ತಟ್ಟೆ ಇಟ್ಟು ಕಂಬಕ್ಕೆ ಒರಗಿ ನಿಂತರು.

"ನಾನು ನಿನ್ನ ಎದುರಿಗೆ ಕೂತು ಊಟ ಮಾಡ್ತಿದ್ನೇ?" ಎಂದು ಕೇಳಿದರು ಕಾಳಿಂಗಯ್ಯ.

"ಹೂಂ. ಒಂದೊಂದ್ಸಲ ನನ್ನ ತಟ್ಟೆಯಿಂದ ಉಪ್ಪಿನಕಾಯಿನೂ ಎತ್ಕೋತಿದ್ರಿ."

"ಇಷ್ಟು ವರ್ಷ ಒಂದು ಮಾತು ಹೇಳ್ಬೌದಾಗಿತ್ತಲ್ಲ."

"ಬರೆದೆನಲ್ಲ. ಬರೆಯೋದು ನನ್ನ ಕೆಲಸ. ಹೇಳೋದು ನಿಮ್ಮ ಪ್ರೋಗ್ರಾಮಿನ ಕೆಲಸ," ಎಂದರು ಗಂಗಮ್ಮ. "ಚೀಟೀಲಿ ಏನೂ ಬರ್ದೇ ಇದ್ದಾಗ ನೀವೇ ಓದಿ, ಬೇಡ ಅಂತ ತೆಗೆದಿದ್ದೀರಿ ಅಂದ್ಕೊಂಡೆ. ಓದಿನೂ ಸುಮ್ನೆ ಇದ್ದಾರೆ, ಇರ್ಲಿ ಅಂದ್ಕೊಂಡೆ. ಖಾಲಿ ದಿನ ಅಂತ ಬೀದಿಯವರೆಲ್ಲ ಕೇಳ್ತಿದ್ರು, ನಾನೂ ಸಜ್ಜಿಗೆ ಮಾಡಿ ಹಂಚ್ತಿದ್ದೆ."

ನನಗೆ ಅಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ. ಕಾಳಿಂಗಯ್ಯ ಎದ್ದು ಒಳಗೆ ಹೋದರು. ಬೀರುವಿನ ಬಾಗಿಲು ಕಿರುಗುಟ್ಟಿತು. ಹೊರಗೆ ಬಂದಾಗ ಕೈಯಲ್ಲಿ ಮಡಿಕೆ ಮಡಿಕೆಯಾಗಿ ಹಳದಿಗಟ್ಟಿದ ಅಚ್ಚಿನ ಕಾಗದದ ದಪ್ಪ ಕಟ್ಟು ಇತ್ತು. "ತಗೊಂಡು ಹೋಗಮ್ಮ. ನಾಳೆ ಕಚೇರಿಗೆ ನಾನೇ ಬರ್ತೀನಿ," ಎಂದರು.

ಮಾರನೇ ದಿನ ಬಂದರು. ಒಬ್ಬರೇ ಅಲ್ಲ, ಗಂಗಮ್ಮನವರನ್ನೂ ಕರೆದುಕೊಂಡು. ಹಳೆಯ ತಾಳೆಯ ಇಡೀ ಬರಹವನ್ನು ನಾವು ಕಂತೆಗೆ ಮೊದಲ ಗಂಟಾಗಿ ಏರಿಸಿದೆವು. ನಲವತ್ತೊಂದು ಬಂದರೆ ಬಿಡು ಎಂಬ ಸಾಲೂ ಅದರಲ್ಲಿತ್ತು, ಈಗಲೂ ಇದೆ, ಕಂತೆಯನ್ನು ಪಡೆದವರೆಲ್ಲರ ಹತ್ತಿರ ಅದು ಇರುತ್ತದೆ. ಆಮೇಲೆ ಕಾಳಿಂಗಯ್ಯ ಕುರ್ಚಿ ಎಳೆದುಕೊಂಡು ಕೂತು, ಒಂದೊಂದೇ ಬೆರಳಲ್ಲಿ ಕೀಲಿ ಒತ್ತಿ, ಆ ಸಾಲನ್ನು ತೆಗೆದರು. ಯಾಕೆ ಎಂದು ಕಂತೆ ಕೇಳಿತು. ಅವರು ಹೆಂಡತಿಯ ಮುಖ ನೋಡಿದರು.

"ಮನೆಯವರೂ ಊರಿನವರೇ ಅಂತ ಬರೀರಿ," ಎಂದರು ಗಂಗಮ್ಮ.

ಹಾಗೇ ಬರೆದು, ಕೆಳಗೆ ತಮ್ಮ ಹೆಸರು ಹಾಕಿದರು. ಸತ್ಯವತಿ ಮೇಡಂ ಎರಡು ಸಲ ಓದಿ, ತಪ್ಪು ಹಳೆಯದರದೇ ಎಂದು ಒಪ್ಪಿ ಸಹಿ ಮಾಡಿದರು. ಮೂವತ್ತೊಂದು ರಜೆ ಸುಳ್ಳಾಗಿ ಹೋದವಲ್ಲ ಎಂದು ಶಾಲೆಯ ಮೇಷ್ಟ್ರು ಆಮೇಲೆ ಗೊಣಗಿದರಂತೆ. ಪೇಟೆಯಲ್ಲಿ ಎರಡು ದಿನ ಮಾತಾಡಿಕೊಂಡರು. ಮೂರನೇ ದಿನ ಹುಣಸೆಮರ ಇನ್ನೊಂದಡಿ ಸರಿದು, ಎಲ್ಲರೂ ಅದನ್ನು ನೋಡಲು ಹೋದರು.

ಸಹಿಯಾದ ಮಾರನೇ ಬೆಳಿಗ್ಗೆ ಹೊಸ ತಾಳೆಯ ಮೊದಲ ಚೀಟಿ. ಆರೂ ಇಪ್ಪತ್ತಕ್ಕೇ ನಾವು ಆರೂ ಜನ ಕಚೇರಿಯಲ್ಲಿದ್ದೆವು. ಅಚ್ಚಾಗಿ ಬಂದ ಚೀಟಿಯಲ್ಲಿ ಎರಡು ಸಾಲಿದ್ದವು. ಹುಟ್ಟು ಸಾವು ಬಿಟ್ಟರೆ ಎರಡು ಬಂದದ್ದು ಊರಿನ ನೆನಪಿನಲ್ಲೇ ಇಲ್ಲ. ಇನ್ನೊಮ್ಮೆ ಓಡಿಸಿದೆವು, ಎರಡು. ಮತ್ತೊಮ್ಮೆ, ಎರಡೇ. ಹನೀಫ್ ತಲೆಯ ಮೇಲೆ ಕೈ ಹೊತ್ತು ಕೂತ. ಇದನ್ನು ಹಂಚಬಾರದು ಎಂದು ಸತ್ಯವತಿ ಮೇಡಂ ತಡೆದರು. ಗಡಿಯಾರ ಏಳು ದಾಟಿತು. ಚೀಟಿಯ ಒಂದು ನಕಲನ್ನು ಕಿತ್ತುಕೊಂಡು ನಾನು ಮನೆಗೆ ಓಡಿದೆ. ಅಕ್ಕ ಸೀರೆ ಉಟ್ಟು, ತಲೆ ಬಾಚಿ, ಹೊಸಿಲ ಹತ್ತಿರ ಕೂತು ಕಾಯುತ್ತಿದ್ದಳು.

"ಚೀಟಿ ಕೆಟ್ಟಿದೆ ಅಕ್ಕ. ಎರಡು ಬಂದಿದೆ. ಇವತ್ತೊಂದಿನ ನಾನೇ ಕರ್ಕೊಂಡು ಹೋಗ್ತೀನಿ."

"ಎರಡೂ ಓದು," ಎಂದಳು ಅಕ್ಕ.

ಓದಿದೆ. "ಗಡಿಯಾರ ಕಂಬದ ಬುಡದ ಕಲ್ಲುಕಟ್ಟೆ ಒಂದು ಗೇಣು ಅಗಲವಾಗಿದೆ. ನಲವತ್ತೊಂದನೇ ಮನೆ: ನಾನು ಬೆಳಿಗ್ಗೆ ಈ ಸಾಲುಗಳನ್ನು ಬರೆಯುವಾಗ ಯಜಮಾನರು ಎದ್ದು ಬಂದು ಪಕ್ಕದಲ್ಲಿ ಕೂತು, ಇವತ್ತು ಏನು ಬರೀತೀಯ ಎಂದು ಕೇಳಿದರು."

ಅಕ್ಕನ ಮುಖದಲ್ಲಿ ನಗು ಬಂತು.

"ಚೀಟಿ ಕೆಟ್ಟಿಲ್ಲ ಕಣೇ ದಡ್ಡಿ. ಕಟ್ಟೆ ತಾನಾಗೇ ಬದಲಾಗಿದ್ದು. ಇನ್ನೊಂದು ಕಾಳಿಂಗಯ್ಯನೋರೇ ಬದಲಾಯಿಸಿದ್ದು. ಪಾಪ, ಹೀಗೆ ಕೇಳ್ತೀನಿ ಅಂತ ನಿನ್ನೆ ಸಂಜೆ ಪುಸ್ತಕದಲ್ಲಿ ಬರೆಸೋಕೆ ಅವರಿಗೇ ಗೊತ್ತಿರ್ಲಿಲ್ವೇನೋ." ಅವಳು ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು ಎದ್ದಳು. "ಗಡಿಯಾರ ಕಂಬದ ಹತ್ರ ಒಂದು ಗೇಣು. ಅಂದ್ರೆ ನಾಲ್ಕನೇ ತಿರುವು. ಹೋಗಿ ನಿಮ್ಮ ಮೇಡಂಗೆ ಹೇಳು, ಹಂಚಿ ಅಂತ."

ಮೆಟ್ಟಿಲಿಳಿದಳು. ಬೀದಿಗೆ ಕಾಲಿಟ್ಟು, ಒಂದು ಗಳಿಗೆ ನಿಂತು, ಒಂದು ಎಂದು ಮೆಲ್ಲಗೆ ಎಣಿಸಿದ್ದು ನನಗೆ ಕೇಳಿಸಿತು. ನಾನು ಅವಳ ಹಿಂದೆ ಹೋಗಲಿಲ್ಲ.